ತಂಗಿಯ ಜೊತೆ ಹೋಲಿಸಿದ ಮೇಲೆ ಮಗ ಕತ್ತಲಲ್ಲಿ ಕೈ ತೊಳೆಯುತ್ತಿದ್ದಾನೆ

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಅವನಿಗೆ ಒಸಿಡಿ, ಅಂದರೆ ಗೀಳಿನ ಕಾಯಿಲೆ ಇದೆ ಅಂತ ಎಂಟು ತಿಂಗಳ ಹಿಂದೆ ಡಾಕ್ಟರು ಹೇಳಿದರು. ಪದೇ ಪದೇ ಕೈ ತೊಳೆಯುತ್ತಾನೆ. ಬರೆದದ್ದನ್ನು ಅಳಿಸಿ ಮತ್ತೆ ಬರೆಯುತ್ತಾನೆ. "ಅಮ್ಮಾ, ನಿನಗೇನೂ ಆಗಲ್ಲ ಅಲ್ವಾ?" ಅಂತ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಕೇಳುತ್ತಾನೆ. ಅವನ ತಂಗಿಗೆ 8 ವರ್ಷ. ಅವಳ ಹೋಮ್‌ವರ್ಕ್ ಅರ್ಧ ಗಂಟೆಯಲ್ಲಿ ಮುಗಿದರೆ ಇವನಿಗೆ ಎರಡೂವರೆ ಗಂಟೆ ಬೇಕು. ನಮ್ಮ ಅತ್ತೆ ದಿನಾ "ನಿನ್ನ ತಂಗೀನ ನೋಡಿ ಕಲಿ" ಅಂತಾರೆ. ನಮ್ಮ ಯಜಮಾನರು "ನಾನೂ ಚಿಕ್ಕವನಿದ್ದಾಗ ಹೀಗೇ ಇದ್ದೆ, ಮನಸ್ಸು ಗಟ್ಟಿ ಮಾಡಿಕೊಂಡೆ, ಸರಿಹೋಯ್ತು" ಅಂತಾರೆ. ಹೋದ ತಿಂಗಳು ಒಂದು ದಿನ ಶಾಲೆಗೆ ತಡವಾಗುತ್ತಿತ್ತು. ಬಾತ್‌ರೂಮಿನ ಬಾಗಿಲಲ್ಲಿ ನಿಂತು ನಾನೇ ಕೂಗಿಬಿಟ್ಟೆ: "ನಿನಗಿಂತ ಮೂರು ವರ್ಷ ಚಿಕ್ಕವಳು ರೆಡಿಯಾಗಿ ನಿಂತಿದಾಳೆ, ನಿನಗೆ ನಾಚಿಕೆ ಆಗಲ್ವಾ?" ಅವತ್ತಿನಿಂದ ಕೈ ತೊಳೆಯೋದು ಕಡಿಮೆಯಾಯಿತು ಅಂದುಕೊಂಡಿದ್ದೆ. ಮೊನ್ನೆ ರಾತ್ರಿ ಎದ್ದು ನೋಡಿದರೆ, ದೀಪ ಹಾಕದೆ, ಬಾಗಿಲು ಮುಚ್ಚಿಕೊಂಡು, ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟುಕೊಂಡು ಕೈ ತೊಳೆಯುತ್ತಿದ್ದ. ನನ್ನ ಮಾತಿನಿಂದ ಕಾಯಿಲೆ ಜಾಸ್ತಿಯಾಯಿತಾ? ಯಾರ ಜೊತೆಗೂ ಹೋಲಿಸದೆ ಅವನನ್ನು ತಿದ್ದುವುದು ಹೇಗೆ? ಹಾಗಾದರೆ ಮಗಳನ್ನು ಹೊಗಳುವುದನ್ನೂ ಬಿಡಬೇಕಾ? ಅವಳು ಆಗಲೇ "ಅಣ್ಣ ಏನು ಮಾಡಿದ್ರೂ ಯಾರೂ ಏನೂ ಅನ್ನಲ್ಲ" ಅಂತ ಅಳುತ್ತಾಳೆ.

ಉತ್ತರ: ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟುಕೊಂಡಿದ್ದ ಅಂತ ಬರೆದಿದ್ದೀರಿ. ಆ ಸಾಲನ್ನು ನಾನು ಎರಡು ಮೂರು ಸಲ ಓದಿದೆ. ನೀವು ಕೇಳಿದ್ದಕ್ಕೆ ಅರ್ಧ ಉತ್ತರ ಅಲ್ಲೇ ಇದೆ. ನೀವು ಬೈದ ಮೇಲೆ ಕೈ ತೊಳೆಯುವುದು ನಿಂತಿರಲಿಲ್ಲ. ಅದು ನಿಮ್ಮ ಕಣ್ಣಿಗೆ ಬೀಳುವುದು ಮಾತ್ರ ನಿಂತಿತ್ತು. ಒಸಿಡಿ ಇರುವ ಮಕ್ಕಳನ್ನು ಇಷ್ಟು ವರ್ಷ ನೋಡಿದ ಮೇಲೆ ನನಗೆ ಹೋಲಿಕೆಯ ಬಗ್ಗೆ ಇರುವ ದೊಡ್ಡ ತಕರಾರು ಇದೇ. ಅದರಿಂದ ಕಾಯಿಲೆ ಕಡಿಮೆಯಾಗುವುದಿಲ್ಲ, ಬಾಗಿಲ ಹಿಂದೆ ಹೋಗಿ ಕೂರುತ್ತದೆ. ಅಲ್ಲಿಗೆ ನಿಮ್ಮ ಕೈಯೂ ಎಟುಕುವುದಿಲ್ಲ, ಡಾಕ್ಟರ ಕೈಯೂ ಎಟುಕುವುದಿಲ್ಲ.

ಮೊದಲು ನಿಮ್ಮನ್ನು ಜಾಸ್ತಿ ಕಾಡುತ್ತಿರುವ ಮಾತು. ನೀವು ಕೂಗಿದ್ದರಿಂದ ಮಗನಿಗೆ ಒಸಿಡಿ ಬಂದಿಲ್ಲ. ಈ ಕಾಯಿಲೆ ಮನೆಯವರ ಒಂದು ಮಾತಿನಿಂದ ಹುಟ್ಟುವಂಥದ್ದಲ್ಲ. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ, ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುವ ಒಸಿಡಿಯಲ್ಲಿ ಸುಮಾರು ಅರ್ಧದಷ್ಟು ಪಾಲು ವಂಶವಾಹಿಗಳದ್ದೇ. ಹತ್ತು ವರ್ಷದ ಆಸುಪಾಸಿನಲ್ಲಿ ಶುರುವಾಗುವುದು ತುಂಬಾ ಸಾಮಾನ್ಯ. ನಿಮ್ಮ ಮಗನ ವಯಸ್ಸೂ ಅದಕ್ಕೆ ಹೊಂದುತ್ತದೆ. ಆದರೆ ಇರುವ ಕಾಯಿಲೆ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದರಲ್ಲಿ ಮನೆಯ ಮಾತಿಗೆ ಪಾತ್ರವಿದೆ. ದೂರುವುದು, ಸಿಡುಕುವುದು, ಜಗಳ ಜಾಸ್ತಿ ಇರುವ ಮನೆಗಳಲ್ಲಿ ಮಕ್ಕಳಿಗೆ ಚಿಕಿತ್ಸೆ ಅಷ್ಟಾಗಿ ಹತ್ತುವುದಿಲ್ಲ. ಒಂದು ದಿನ ಕೂಗಿದ್ದು ಅಷ್ಟು ದೊಡ್ಡದಲ್ಲ. ದಿನಾ ಬೀಳುವ "ತಂಗೀನ ನೋಡಿ ಕಲಿ" ದೊಡ್ಡದು.

ಹೋಲಿಕೆಯ ಹಿಂದೆ ಒಂದು ನಂಬಿಕೆ ಇರುತ್ತದೆ. ಮಗುವಿಗೆ ಸಾಧ್ಯವಿದೆ, ಮನಸ್ಸು ಮಾಡುತ್ತಿಲ್ಲ, ಸ್ವಲ್ಪ ಚುಚ್ಚಿದರೆ ಮಾಡುತ್ತದೆ ಅಂತ. ಸೋಮಾರಿತನಕ್ಕೆ ಈ ಮದ್ದು ಕೆಲಸ ಮಾಡುತ್ತದೋ ಇಲ್ಲವೋ, ಒಸಿಡಿಗಂತೂ ಮಾಡುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು.

ಬೇಡದ ಯೋಚನೆಗಳು ಎಲ್ಲರ ತಲೆಗೂ ಬರುತ್ತವೆ. "ಬಾಗಿಲು ಹಾಕಿದೆನಾ?", "ಈ ಕೈಯಲ್ಲಿ ಏನಾದರೂ ಅಂಟಿದೆಯಾ?", ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ "ಕೈಜಾರಿದರೆ?" ಅಂತ ಒಂದು ಕ್ಷಣ ಎದೆ ಝಲ್ಲೆನ್ನುವುದು. 13 ದೇಶಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಿಂದಿನ ಮೂರು ತಿಂಗಳಲ್ಲಿ ಇಂಥ ಒಂದಾದರೂ ಯೋಚನೆ ಬಂದಿತ್ತು ಅಂತ ಹೇಳಿದವರು ಸುಮಾರು 94 ಶೇಕಡಾ. ನಿಮ್ಮ ಮಗಳಿಗೂ ಬರುತ್ತದೆ, ನಿಮಗೂ ಬರುತ್ತದೆ. ನಿಮ್ಮ ಮೆದುಳು ಅದನ್ನು "ಸುಮ್ನೆ ಬಂತು" ಅಂತ ಬಿಟ್ಟುಬಿಡುತ್ತದೆ. ಒಸಿಡಿ ಇರುವವರಲ್ಲಿ ಹಣೆಯ ಹಿಂದಿನ ಭಾಗಕ್ಕೂ ಮೆದುಳಿನ ಆಳದ ಕೆಲವು ಭಾಗಗಳಿಗೂ ನಡುವೆ ಓಡಾಡುವ ಸಂದೇಶ ಒಂದೇ ಸಮನೆ ಸುತ್ತುತ್ತಿರುತ್ತದೆ. ಅಪಾಯದ ಗಂಟೆ ಹೊಡೆದುಕೊಳ್ಳುವುದು ನಿಲ್ಲುವುದೇ ಇಲ್ಲ. ಕೈ ತೊಳೆದರೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆ ಸ್ವಲ್ಪ ಹೊತ್ತಿನ ನೆಮ್ಮದಿಯೇ ಮುಂದಿನ ಸಲ ಮತ್ತೆ ತೊಳೆಯುವಂತೆ ಮಾಡುತ್ತದೆ.

ನಾನು ನೋಡುತ್ತಿದ್ದ ಒಬ್ಬ ಹುಡುಗಿ ತನ್ನ ನೋಟ್‌ಬುಕ್ ತಂದಿದ್ದಳು. ಒಂದು ಪುಟದ ಮಧ್ಯೆ ಸಣ್ಣ ತೂತು. 'ಕ' ಅಕ್ಷರದ ತಲೆಕಟ್ಟನ್ನು ಅಳಿಸಿ ಬರೆದು, ಅಳಿಸಿ ಬರೆದು, ಕಾಗದವೇ ಸವೆದುಹೋಗಿತ್ತು. ತೂತಿನ ಸುತ್ತ ರಬ್ಬರಿನ ಬೂದುಬಣ್ಣ. ನನ್ನ ಕಣ್ಣಿಗೆ ಆ ಅಕ್ಷರದಲ್ಲಿ ತಪ್ಪೇನೂ ಇದ್ದಂತೆ ಕಾಣಲಿಲ್ಲ. ಅವಳನ್ನು ಕೇಳಿದೆ. "ತಪ್ಪಿಲ್ಲ ಅಂತ ನನಗೂ ಗೊತ್ತು. ಆದ್ರೆ ಸರಿ ಅನ್ನಿಸ್ತಿಲ್ಲ" ಅಂದಳು. ಈ ಮಾತನ್ನು ದಯವಿಟ್ಟು ನಿಮ್ಮ ಮನೆಯವರಿಗೂ ಓದಿ ಹೇಳಿ. ಗೊತ್ತಿಲ್ಲದ ಮಗುವಿಗೆ ತೋರಿಸಿಕೊಡಲು ಹೋಲಿಕೆ ಬೇಕಾಗಬಹುದೇನೋ. ಈ ಮಕ್ಕಳಿಗೆ ಗೊತ್ತಿರುತ್ತದೆ. ತಂಗಿ ಅರ್ಧ ಗಂಟೆಯಲ್ಲಿ ಮುಗಿಸುತ್ತಾಳೆ ಅನ್ನುವುದು ನಿಮ್ಮ ಮಗನಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಅವಳು ಪುಸ್ತಕ ಮುಚ್ಚುವ ಸದ್ದು ಪಕ್ಕದಲ್ಲೇ ದಿನಾ ಕೇಳಿಸುತ್ತದಲ್ಲ.

ಹೋಲಿಕೆಯ ಮಾತು ಕಿವಿಗೆ ಬಿದ್ದಾಗ ಒಳಗೆ ಏನಾಗುತ್ತದೆ? ಮೊದಲು ಆತಂಕ ಏರುತ್ತದೆ. ಆತಂಕ ಏರಿದರೆ ಗೀಳೂ ಏರುತ್ತದೆ. ಬೆಳಿಗ್ಗೆ ಹೊರಡುವ ಹೊತ್ತಿಗೆ ಬೈದರೆ ಇನ್ನೂ ಹತ್ತು ನಿಮಿಷ ತಡವಾಗುವುದು ಇದಕ್ಕೇ. ಆಮೇಲೆ ನಾಚಿಕೆ. ನಾಚಿಕೆ ಬಂದ ಮಗು ಮುಚ್ಚಿಡಲು ಕಲಿಯುತ್ತದೆ. ಕೈಯಲ್ಲಿ ಮಾಡುತ್ತಿದ್ದನ್ನು ಮನಸ್ಸಿನಲ್ಲೇ ಮಾಡಲು ಶುರು ಮಾಡುತ್ತದೆ: ಎಣಿಸುವುದು, ಒಂದೇ ವಾಕ್ಯವನ್ನು ಒಳಗೊಳಗೇ ಹೇಳಿಕೊಳ್ಳುವುದು. ಹೊರಗಿನಿಂದ ನೋಡಿದರೆ ಮಗು ಸುಮ್ಮನೆ ಕೂತಿದೆ, ಸುಧಾರಿಸಿದೆ ಅನಿಸುತ್ತದೆ. ಚಿಕಿತ್ಸೆಗೆ ಇದು ದೊಡ್ಡ ಪೆಟ್ಟು. ಒಸಿಡಿ ಚಿಕಿತ್ಸೆ ನಿಂತಿರುವುದೇ "ನನಗೆ ಹೀಗಾಗುತ್ತದೆ" ಅಂತ ಮಗು ಬಾಯಿಬಿಟ್ಟು ಹೇಳುವುದರ ಮೇಲೆ.

ಇನ್ನೊಂದು ಸಂಗತಿ ಇದೆ. ಇದನ್ನು ಸ್ವಲ್ಪ ಮೆಲ್ಲಗೆ ಓದಿ. ಒಸಿಡಿ ಎಷ್ಟೋ ಸಲ ನಮಗೆ ತುಂಬಾ ಬೇಕಾದ ಜಾಗಕ್ಕೇ ಬಂದು ಕೈಹಾಕುತ್ತದೆ. "ಅಮ್ಮಾ, ನಿನಗೇನೂ ಆಗಲ್ಲ ಅಲ್ವಾ?" ಅಂತ ದಿನಕ್ಕೆ ಮೂವತ್ತು ಸಲ ಕೇಳುವ ಹುಡುಗ ಕೈ ತೊಳೆಯುತ್ತಿರುವುದು ಯಾರಿಗೋಸ್ಕರ ಇರಬಹುದು? ಕೊಳೆ ಕಂಡರೆ ಅಸಹ್ಯ ಅಂತ ತೊಳೆಯುವ ಮಕ್ಕಳೂ ಇದ್ದಾರೆ. "ನಾನು ಸರಿಯಾಗಿ ತೊಳೆಯದಿದ್ದರೆ ನನ್ನಿಂದ ಅಮ್ಮನಿಗೋ ತಂಗಿಗೋ ಏನಾದರೂ ಆಗಿಬಿಟ್ಟರೆ" ಅಂತ ತೊಳೆಯುವ ಮಕ್ಕಳೂ ತುಂಬಾ ಜನ ಇದ್ದಾರೆ. ನಿಮ್ಮ ಮಗನದ್ದು ಇದೇ ಅಂತ ಅವನನ್ನು ನೋಡದೆ ನಾನು ಹೇಳುವಂತಿಲ್ಲ. ಅವನಿಗೆ ಥೆರಪಿಸ್ಟ್ ಇದ್ದರೆ ಅವರ ಮೂಲಕ ಮೃದುವಾಗಿ ಕೇಳಿಸಿ. ಒಂದು ವೇಳೆ ಹೌದಾದರೆ, ಯಾರನ್ನು ಕಾಪಾಡಬೇಕು ಅಂತ ಅವನು ಒಳಗೆ ನಿಂತು ಚರ್ಮ ಸುಲಿಯುವಷ್ಟು ತೊಳೆಯುತ್ತಿದ್ದನೋ, ಅವರ ಹೆಸರು ಹಿಡಿದೇ ಹೊರಗಿನಿಂದ "ನಾಚಿಕೆ ಆಗಲ್ವಾ" ಅನ್ನುವ ಮಾತು ಬಂತು. ಇದನ್ನು ನಿಮಗೆ ನೋವಾಗಲಿ ಅಂತ ಹೇಳುತ್ತಿಲ್ಲ. ಹಠ ಅಂತ ಕಂಡಿದ್ದು ಎಷ್ಟೋ ಸಲ ಪ್ರೀತಿ ಮತ್ತು ಭಯ ಎರಡೂ ಸೇರಿ ಆಗಿರುತ್ತದೆ ಅಂತ ಗೊತ್ತಿರಲಿ.

"ನಾನು ಕೆಟ್ಟವನಾ?" ಅನ್ನುವುದೂ ಒಸಿಡಿಗೆ ತುಂಬಾ ಇಷ್ಟದ ಪ್ರಶ್ನೆ. ತಂಗಿ ಒಳ್ಳೆಯವಳು ಅಂತ ದಿನಾ ಕೇಳಿಸಿಕೊಳ್ಳುವ ಹುಡುಗನಿಗೆ ಈ ಪ್ರಶ್ನೆಯ ಉತ್ತರ ಸಿದ್ಧವಾಗಿ ಸಿಕ್ಕಂತಾಗುತ್ತದೆ. ಕೆಲವು ಮಕ್ಕಳಲ್ಲಿ ಹೋಲಿಸಿಕೊಳ್ಳುವುದೇ ಹೊಸ ಗೀಳಾಗುತ್ತದೆ. ಅಕ್ಷರ ತಂಗಿಯದ್ದರಷ್ಟು ದುಂಡಗಿದೆಯಾ ಅಂತ ಅವಳ ಪುಸ್ತಕ ತೆಗೆದು ತೆಗೆದು ನೋಡುವುದು. ಆಗ ಒಂದು ಕಾಯಿಲೆಗೆ ನಾವೇ ಹೊಸ ಕೆಲಸ ಹುಡುಕಿಕೊಟ್ಟ ಹಾಗೆ.

ಈಗ ನಿಮ್ಮ ಯಜಮಾನರ ಮಾತು. "ನಾನೂ ಹೀಗೇ ಇದ್ದೆ" ಅನ್ನುವುದು ಮನೆಯ ಎಲ್ಲ ಹೋಲಿಕೆಗಳಿಗಿಂತ ಭಾರವಾದದ್ದು. ಅವರು ಪ್ರೀತಿಯಿಂದಲೇ, ಧೈರ್ಯ ತುಂಬಲು ಹೇಳುತ್ತಿದ್ದಾರೆ. ಮಗನಿಗೆ ಕೇಳಿಸುವುದು ಮಾತ್ರ ಬೇರೆ: "ಅಪ್ಪನಿಗೆ ಆಯಿತು, ನನ್ನ ಕೈಲಿ ಆಗ್ತಿಲ್ಲ." ಅವರ ಬಾಲ್ಯದಲ್ಲಿ ಇದ್ದದ್ದು ಏನು ಅಂತ ಈಗ ಹೇಳುವುದು ಕಷ್ಟ. ಚಿಕ್ಕ ಮಕ್ಕಳಲ್ಲಿ ಎಷ್ಟೋ ಶಾಸ್ತ್ರಗಳಿರುತ್ತವೆ. ಗೆರೆ ತುಳಿಯದೆ ನಡೆಯುವುದು, ಮಲಗುವಾಗ ಬೊಂಬೆಗಳನ್ನು ಒಂದೇ ಸಾಲಿನಲ್ಲಿ ಇಡುವುದು. ಬೆಳೆಯುತ್ತಾ ಅವು ತಾನಾಗಿ ಉದುರಿಹೋಗುತ್ತವೆ. ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ತಿನ್ನುವಂಥದ್ದು, ಅಥವಾ ಮಗುವನ್ನು ಕಂಗೆಡಿಸಿ ಓದು, ಆಟ, ನಿದ್ದೆ ಕೆಡಿಸುವಂಥದ್ದು ಒಸಿಡಿ. ಅವರದ್ದು ನಿಜವಾಗಿ ಸಣ್ಣ ಮಟ್ಟದ ಒಸಿಡಿಯೇ ಆಗಿದ್ದಿರಲೂಬಹುದು, ಇದು ಮನೆತನದಲ್ಲಿ ಹರಿಯುವ ಕಾಯಿಲೆ ತಾನೇ. ಹಾಗಿದ್ದರೆ ಅವರ ಅನುಭವ ಈ ಮನೆಯಲ್ಲಿ ಮಗನಿಗೆ ಸಿಗಬಹುದಾದ ದೊಡ್ಡ ಆಸರೆ. ಮಾತಿನ ಕೊನೆಯನ್ನು ಮಾತ್ರ ಬದಲಿಸಬೇಕು. "ನನಗೂ ಹೀಗಾಗ್ತಿತ್ತು ಕಣೋ. ತುಂಬಾ ಹೆದರಿಕೆ ಆಗ್ತಿತ್ತು. ನಿನಗೆ ಹೇಗಾಗುತ್ತೆ ಹೇಳು." ಅಲ್ಲಿಗೆ ನಿಲ್ಲಿಸಲಿ. ತಾನು ಗೆದ್ದ ಕತೆ ಬೇಡ.

ಹೋಲಿಕೆ ಅಂದರೆ ಬೈಗುಳವೇ ಆಗಬೇಕಿಲ್ಲ. ನಾನು ಮನೆಗಳಲ್ಲಿ ಕೇಳುವ ಹೋಲಿಕೆಗಳಲ್ಲಿ ಅರ್ಧ, ಹೋಲಿಕೆಯ ಹಾಗೆ ಕಾಣುವುದೇ ಇಲ್ಲ. "ನಿನ್ನೆ ಎಷ್ಟು ಚೆನ್ನಾಗಿದ್ದೆ, ಇವತ್ತೇನಾಯ್ತು?" ಇದು ಮಗುವನ್ನು ಅದರ ಒಳ್ಳೆಯ ದಿನದ ಜೊತೆಗೇ ಹೋಲಿಸುವುದು. ಒಸಿಡಿ ಒಂದೇ ಸಮ ಇರುವ ಕಾಯಿಲೆಯಲ್ಲ. ಪರೀಕ್ಷೆ, ಜ್ವರ, ನಿದ್ದೆಗೆಟ್ಟ ರಾತ್ರಿ, ಮನೆಯಲ್ಲಿ ಜಗಳ, ಯಾವುದಾದರೂ ಸಾಕು ಮತ್ತೆ ಏರಲು. "ಅವರ ಮಗನಿಗೂ ಇದೇ ಇತ್ತಂತೆ, ಮೂರೇ ತಿಂಗಳಲ್ಲಿ ಸರಿಹೋಯ್ತಂತೆ" ಅನ್ನುವುದು ಇನ್ನೊಂದು. ಮಗಳ ತಲೆ ಸವರಿ "ನೀನು ಜಾಣೆ, ನಿನ್ನಿಂದ ನನಗೇನೂ ತೊಂದರೆ ಇಲ್ಲ" ಅನ್ನುವುದು ಮತ್ತೊಂದು. ಅದು ಪಕ್ಕದ ಕೋಣೆಗೂ ಕೇಳಿಸುತ್ತದೆ. ಅಷ್ಟೇ ಅಲ್ಲ, ಆ ಎಂಟು ವರ್ಷದ ಹುಡುಗಿಯ ತಲೆಯ ಮೇಲೂ ಒಂದು ಹೊರೆ ಕೂರುತ್ತದೆ. ಇನ್ನು ಮುಂದೆ ಅವಳು ತೊಂದರೆ ಕೊಡುವ ಹಾಗಿಲ್ಲ.

ನಾಲಿಗೆ ಬಿಗಿಹಿಡಿದರೂ ಮನಸ್ಸಿನಲ್ಲಿ ಹೋಲಿಸುತ್ತಿದ್ದರೆ ಮಕ್ಕಳಿಗೆ ಗೊತ್ತಾಗುತ್ತದಾ ಅಂತ ಅಪ್ಪ ಅಮ್ಮ ಕೇಳುತ್ತಾರೆ. ಅಮೆರಿಕದಲ್ಲಿ 388 ಹದಿಹರೆಯದ ಒಡಹುಟ್ಟಿದವರನ್ನು ನೋಡಿ ಬರೆದ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಇಬ್ಬರಲ್ಲಿ ಓದಿನಲ್ಲಿ ಯಾರು ಮುಂದೆ ಅಂತ ತಂದೆತಾಯಿ ನಂಬಿದ್ದರೋ, ಆ ನಂಬಿಕೆಯ ಕಡೆಗೇ ಮಕ್ಕಳ ಮುಂದಿನ ಅಂಕಗಳೂ ವಾಲಿದ್ದವು. ಅವು ಸಾಮಾನ್ಯ ಮನೆಗಳು, ಒಸಿಡಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ನನಗೆ ಅದು ಪದೇ ಪದೇ ನೆನಪಾಗುತ್ತದೆ. ನಾವು ಹೇಳದೆ ಇಟ್ಟುಕೊಂಡದ್ದೂ ಮಕ್ಕಳಿಗೆ ತಲುಪುತ್ತದೆ.

ಹಾಗಾದರೆ ಏನು ಮಾಡಬಹುದು? ಇಲ್ಲಿ ನನಗೆ ಒಂದು ಹೆದರಿಕೆ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರಶ್ನೆಯ ತುಂಬಾ ಪಶ್ಚಾತ್ತಾಪ ಇದೆ. ಹೋಲಿಸಿ ನೋಯಿಸಿದೆ ಅಂತ ಅನಿಸಿದ ತಾಯಿ ತಂದೆ ಮಾಡುವ ಮೊದಲ ಕೆಲಸ, ಮಗು ಕೇಳಿದ್ದಕ್ಕೆಲ್ಲ ತಲೆಯಾಡಿಸುವುದು. ಬಾಗಿಲಿನ ಹಿಡಿಕೆ ಮುಟ್ಟಲಾರೆ ಅಂದರೆ ಬಾಗಿಲು ತೆರೆದುಕೊಡುತ್ತಾರೆ. ಹೊಸ ಸೋಪು ತಂದಿಡುತ್ತಾರೆ. "ಏನೂ ಆಗಲ್ಲ ಕಂದಾ" ಅಂತ ಮೂವತ್ತು ಸಲವೂ ಉತ್ತರ ಕೊಡುತ್ತಾರೆ. ಒಸಿಡಿ ಇರುವ ಹೆಚ್ಚಿನ ಮನೆಗಳಲ್ಲಿ ಇದು ಇದ್ದೇ ಇರುತ್ತದೆ. ನಾವು ವೈದ್ಯರು ಇದನ್ನು ಅಳೆಯುವುದಕ್ಕೇ ಒಂದು ಪ್ರಶ್ನಾವಳಿ ಇಟ್ಟುಕೊಂಡಿದ್ದೇವೆ. ಆ ಹೊತ್ತಿಗೆ ಮಗು ಶಾಂತವಾಗುತ್ತದೆ ನಿಜ. ಆದರೆ ಈಗ ನೀವೂ ಗೀಳಿನ ಒಂದು ಭಾಗ. ಅಪಾಯ ನಿಜವಾಗಿ ಇತ್ತು, ಅಮ್ಮ ಹೇಳಿದ್ದಕ್ಕೇ ತಪ್ಪಿತು ಅಂತ ಮಗುವಿನ ಮೆದುಳು ಲೆಕ್ಕ ಹಾಕುತ್ತದೆ. ನಿಮ್ಮ ಮಗಳ ಅಳುವಿಗೂ ಅರ್ಧ ಕಾರಣ ಇಲ್ಲೇ ಇರಬಹುದು. ಅಣ್ಣನ ಕಾಯಿಲೆಗಾಗಿ ಇಡೀ ಮನೆ ಬಾಗುವುದನ್ನು ಅವಳು ನೋಡುತ್ತಿದ್ದಾಳೆ.

ಬೈಯುವುದಕ್ಕೂ ಮಣಿಯುವುದಕ್ಕೂ ನಡುವೆ ಒಂದು ಜಾಗ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಬೆಳೆದ 'ಸ್ಪೇಸ್' ಅನ್ನುವ ತಂದೆತಾಯಿಯರ ತರಬೇತಿ ಇದನ್ನೇ ಕಲಿಸುತ್ತದೆ. ಒಂದೇ ಉಸಿರಿನಲ್ಲಿ ಎರಡು ಮಾತು: ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ, ನೀನು ಇದನ್ನು ತಡೆದುಕೊಳ್ಳಬಲ್ಲೆ. ಅವನು "ಏನೂ ಆಗಲ್ಲ ಅಲ್ವಾ?" ಅಂತ ಕೇಳಿದಾಗ, "ನಿನಗೆ ಈಗ ತುಂಬಾ ಹೆದರಿಕೆ ಆಗ್ತಿದೆ ಅಂತ ಗೊತ್ತು. ಈ ಹೆದರಿಕೆ ಇದ್ದರೂ ನೀನು ಇರಬಲ್ಲೆ ಅಂತಾನೂ ಗೊತ್ತು" ಅನ್ನಿ. ಏನೂ ಆಗಲ್ಲ ಅನ್ನುವ ಭರವಸೆ ಇದರಲ್ಲಿಲ್ಲ, ಗಮನಿಸಿ. ಆದರೆ ಇದನ್ನು ನಾಳೆಯೇ ಹಠಾತ್ತಾಗಿ ಶುರು ಮಾಡಬೇಡಿ. ಇಷ್ಟು ದಿನ ಉತ್ತರ ಕೊಡುತ್ತಿದ್ದ ಅಮ್ಮ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬದಲಾದರೆ ಮಗು ಗಾಬರಿಯಾಗುತ್ತದೆ, ಸಿಟ್ಟಿಗೇಳುತ್ತದೆ, ಕೆಲವೊಮ್ಮೆ ಕೈಯನ್ನೂ ಎತ್ತುತ್ತದೆ. ಮೊದಲೇ ಅವನಿಗೆ ಹೇಳಿ. ಒಂದೇ ವಿಷಯ ಆರಿಸಿಕೊಳ್ಳಿ. ಥೆರಪಿಸ್ಟ್ ಜೊತೆ ಕೂತು ಆರಿಸಿಕೊಂಡರೆ ಇನ್ನೂ ಒಳ್ಳೆಯದು. ಅಪ್ಪ, ಅಮ್ಮ, ಅಜ್ಜಿ ಮೂವರೂ ಒಂದೇ ಮಾತು ಹೇಳಬೇಕು, ಇಲ್ಲದಿದ್ದರೆ ಪ್ರಶ್ನೆ ನಿಮ್ಮಿಂದ ಅಜ್ಜಿಯ ಹತ್ತಿರ ಹೋಗುತ್ತದೆ, ಅಷ್ಟೇ.

ಕಾಯಿಲೆಯನ್ನು ಮಗುವಿನಿಂದ ಬೇರೆ ಮಾಡಿ ನೋಡುವುದು ಹೋಲಿಕೆಗೆ ಒಳ್ಳೆಯ ಮದ್ದು. ಥೆರಪಿಯಲ್ಲಿ ಮಕ್ಕಳು ಒಸಿಡಿಗೆ ತಾವೇ ಒಂದು ಹೆಸರಿಡುತ್ತಾರೆ. ಆಮೇಲೆ ಮನೆಯಲ್ಲಿ ಅಣ್ಣ ಒಂದು ಕಡೆ, ತಂಗಿ ಒಂದು ಕಡೆ ಅಂತ ಇರುವುದಿಲ್ಲ. ಎಲ್ಲರೂ ಒಂದು ಕಡೆ, ಒಸಿಡಿ ಇನ್ನೊಂದು ಕಡೆ. ಹೆಸರು ಅವನೇ ಇಡಬೇಕು, ಬೇಡ ಅಂದರೆ ಬಿಡಿ. ಇದರಲ್ಲೂ ಒಂದು ಅಪಾಯವಿದೆ. ಅದೇ ಹೆಸರು ಕೆಲವು ಮನೆಗಳಲ್ಲಿ ಹೊಸ ಚಾಟಿಯಾಗುತ್ತದೆ: "ಬಂತಾ ನಿನ್ನ ಒಸಿಡಿ? ಶುರುವಾಯ್ತಾ?" ಹಾಗಾಗುವುದಾದರೆ ಹೆಸರೇ ಬೇಡ.

ಸುಧಾರಣೆ ಅಳೆಯುವುದು ಬೇಡವಾ? ಬೇಕು. ಕಾಯಿಲೆಯನ್ನು ಅದೇ ಕಾಯಿಲೆಯ ಹಿಂದಿನ ಸ್ಥಿತಿಯ ಜೊತೆ ಹೋಲಿಸಿ. ನಾವು ಮಕ್ಕಳಿಗಾಗಿಯೇ ಇರುವ ಒಂದು ಮಾಪನ ಬಳಸುತ್ತೇವೆ. ಹತ್ತು ಪ್ರಶ್ನೆ, 0ಯಿಂದ 40ರವರೆಗೆ ಅಂಕ. ಗೀಳಿಗೆ ಎಷ್ಟು ಹೊತ್ತು ಹೋಗುತ್ತದೆ, ಎಷ್ಟು ಸಂಕಟ, ಎಷ್ಟು ಅಡ್ಡಿ, ಎಷ್ಟು ತಡೆಯಲು ಪ್ರಯತ್ನಿಸುತ್ತಾನೆ, ಎಷ್ಟು ಹಿಡಿತ ಇದೆ ಅಂತ ಅದು ಕೇಳುತ್ತದೆ. ತಂಗಿ ಎಷ್ಟು ಹೊತ್ತಿನಲ್ಲಿ ಬರೆದಳು ಅಂತ ಅದರಲ್ಲಿ ಎಲ್ಲೂ ಇಲ್ಲ. ಮನೆಯಲ್ಲಿ ಗಡಿಯಾರ ಹಿಡಿದು ನಿಲ್ಲಬೇಡಿ. ಗೋಡೆಯ ಮೇಲೆ ಚಾರ್ಟ್ ಹಚ್ಚಿ ನಕ್ಷತ್ರ ಅಂಟಿಸುವ ಮೊದಲು ಥೆರಪಿಸ್ಟ್‌ನ ಕೇಳಿ. ಎಲ್ಲ ಸರಿಯಾಗಿಯೇ ಇರಬೇಕು ಅನ್ನುವ ಗೀಳಿನ ಮಗುವಿಗೆ ಒಂದು ಖಾಲಿ ಚೌಕ ಸಾಕು, ರಾತ್ರಿಯ ನಿದ್ದೆ ಹೋಗಲು. ಅವನ ಪ್ರಯತ್ನ ಕಂಡಾಗ, ಇದ್ದದ್ದನ್ನು ಇದ್ದ ಹಾಗೆ ಹೇಳಿ: "ಆ ಸಾಲನ್ನ ಅಳಿಸಬೇಕು ಅಂತ ರಬ್ಬರ್ ತಗೊಂಡೆ, ಆಮೇಲೆ ಇಟ್ಟೆ. ನೋಡಿದೆ ನಾನು." ಇಷ್ಟೇ ಸಾಕು. ತಂಗಿಯ ಬಾಲ ಇದಕ್ಕೆ ಬೇಡ, ನಿನ್ನೆಯ ಬಾಲವೂ ಬೇಡ.

ಚಿಕಿತ್ಸೆಯ ಬಗ್ಗೆ ನೀವು ಏನೂ ಬರೆದಿಲ್ಲ. ಎಂಟು ತಿಂಗಳಾಯಿತು ಅನ್ನುತ್ತೀರಿ, ಹಾಗಾಗಿ ಕೇಳಲೇಬೇಕು: ಅವನಿಗೆ ಇಆರ್‌ಪಿ ಸಿಗುತ್ತಿದೆಯಾ? ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್ ಅಂತ ಅದರ ಪೂರ್ತಿ ಹೆಸರು. ಹೆದರಿಕೆ ಹುಟ್ಟಿಸುವುದನ್ನು ಸಣ್ಣ ಸಣ್ಣ ಮೆಟ್ಟಿಲಾಗಿ ಎದುರಿಸುವುದು, ಎದುರಿಸಿದ ಮೇಲೆ ಗೀಳಿನ ಕೆಲಸ ಮಾಡದೆ ಇರುವುದು. ಕೌನ್ಸೆಲಿಂಗ್ ಅಂತ ಸುಮ್ನೆ ಮಾತಾಡಿ ಕಳಿಸಿದರೆ, ಧೈರ್ಯ ಹೇಳಿದರೆ ಒಸಿಡಿ ಹೋಗುವುದಿಲ್ಲ. 7ರಿಂದ 17 ವರ್ಷದ 112 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ, 12 ವಾರದ ಕೊನೆಗೆ ಕಾಯಿಲೆ ಬಹುತೇಕ ಇಳಿದುಹೋದ ಮಕ್ಕಳು ಹೀಗಿದ್ದರು: ಈ ಬಗೆಯ ಥೆರಪಿ ಮತ್ತು ಖಿನ್ನತೆಗೂ ಒಸಿಡಿಗೂ ಕೊಡುವ ಸರ್ಟ್ರಾಲಿನ್ ಮಾತ್ರೆ ಎರಡೂ ಸಿಕ್ಕವರಲ್ಲಿ ಸುಮಾರು 54 ಶೇಕಡಾ, ಥೆರಪಿ ಮಾತ್ರ ಸಿಕ್ಕವರಲ್ಲಿ 39, ಮಾತ್ರೆ ಮಾತ್ರ ಸಿಕ್ಕವರಲ್ಲಿ 21, ಔಷಧವಿಲ್ಲದ ಹುಸಿ ಮಾತ್ರೆ ಸಿಕ್ಕವರಲ್ಲಿ 4. ಎರಡನ್ನೂ ಕೊಟ್ಟಾಗಲೂ ಅರ್ಧಕ್ಕೆ ಹತ್ತಿರ ಮಕ್ಕಳಿಗೆ 12 ವಾರ ಸಾಲಲಿಲ್ಲ ಅನ್ನುವುದನ್ನೂ ನೋಡಿ. ಮೂರೇ ತಿಂಗಳಲ್ಲಿ ಸರಿಹೋದ ಯಾರದ್ದೋ ಮಗನ ಸುದ್ದಿ ಬಂದಾಗ ಇದು ನೆನಪಿರಲಿ.

ಇಆರ್‌ಪಿ ಶುರುವಿನಲ್ಲಿ ಆತಂಕವನ್ನು ಏರಿಸುತ್ತದೆ, ಅದು ನಿರೀಕ್ಷಿತವೇ. ಆದರೆ ನಲ್ಲಿ ಬಂದ್ ಮಾಡುವುದು, ಕೈ ಹಿಡಿದು ಕೊಳೆ ಮುಟ್ಟಿಸುವುದು ಇಆರ್‌ಪಿ ಅಲ್ಲ. ಮಗು ಒಪ್ಪಿ ಇಡುವ ಹೆಜ್ಜೆಯೇ ಕೆಲಸ ಮಾಡುವುದು. ಮಾತ್ರೆ ಬೇಕಾದರೆ ಅದಕ್ಕೆ ಹೆದರಬೇಡಿ. ಪೂರ್ತಿ ಫಲ ಕಾಣಲು 8ರಿಂದ 12 ವಾರ ಬೇಕು. ಮೊದಲ ಕೆಲವು ವಾರ ಚಡಪಡಿಕೆ, ನಿದ್ದೆಗೇಡು, ಸಾಯುವ ಮಾತು ಕಂಡರೆ ಕೂಡಲೇ ಡಾಕ್ಟರಿಗೆ ತಿಳಿಸಿ. ಇಂಥ ಮಾತ್ರೆ ತೆಗೆದುಕೊಳ್ಳುವ ಕೆಲವೇ ಕೆಲವು ಮಕ್ಕಳಲ್ಲಿ ಅಂಥ ಯೋಚನೆ ಬರಬಹುದು ಅಂತ 2004ರಿಂದಲೂ ಅಮೆರಿಕದ ಔಷಧ ನಿಯಂತ್ರಕರ ಎಚ್ಚರಿಕೆ ಇದೆ. ತಾವಾಗಿ ತಟ್ಟನೆ ನಿಲ್ಲಿಸಬಾರದು. ಡೋಸನ್ನೂ ಇನ್ನೊಬ್ಬರ ಡೋಸಿಗೆ ಹೋಲಿಸಬೇಡಿ. ಒಸಿಡಿಗೆ ಎಷ್ಟೋ ಸಲ ಖಿನ್ನತೆಗೆ ಕೊಡುವುದಕ್ಕಿಂತ ಜಾಸ್ತಿ ಡೋಸ್ ಬೇಕಾಗುತ್ತದೆ.

ಅತ್ತೆಯ ವಿಷಯ. ಅವರ ಮಾತನ್ನು ಮಗನ ಎದುರಿಗೆ ತಿದ್ದಬೇಡಿ, ಆಮೇಲೆ ಆ ಜಗಳಕ್ಕೂ ತಾನೇ ಕಾರಣ ಅಂತ ಅವನು ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ. ಬೇರೆ ಹೊತ್ತಿನಲ್ಲಿ, ಇಬ್ಬರೇ ಇದ್ದಾಗ ಹೇಳಿ: "ಅತ್ತೆ, ನಿಮ್ಮ ಮಾತು ಅವನಿಗೆ ತುಂಬಾ ನಾಟುತ್ತೆ. ಅದಕ್ಕೇ ನಿಮ್ಮಿಂದ ಒಂದು ಸಹಾಯ ಬೇಕು." ಒಂದು ಕೆಲಸವನ್ನೂ ಕೊಡಿ. ದಿನಾ ಅರ್ಧ ಗಂಟೆ ಅವನ ಜೊತೆ ಆಟ, ಕತೆ, ಹೊರಗೆ ಒಂದು ಸುತ್ತು, ಯಾವುದಾದರೂ ಸರಿ. ಆ ಹೊತ್ತಿನಲ್ಲಿ ಒಸಿಡಿ, ಓದು, ತಂಗಿ ಮೂರೂ ಬೇಡ. ಹಿರಿಯರಿಗೆ "ಹೀಗೆ ಮಾತಾಡಬೇಡಿ" ಅಂದರೆ ಮುನಿಸಿಕೊಳ್ಳುತ್ತಾರೆ. ಏನು ಮಾಡಬೇಕು ಅಂತ ಗೊತ್ತಾದರೆ ಎಷ್ಟೋ ಜನ ಬದಲಾಗುತ್ತಾರೆ. ನಾನು ನೋಡಿದ ಹಾಗೆ, ಹೋಲಿಸುವ ಅಜ್ಜಿಯರು ಒಳಗೊಳಗೆ ಎಲ್ಲರಿಗಿಂತ ಜಾಸ್ತಿ ಹೆದರಿರುತ್ತಾರೆ. ಮಿಕ್ಕ ನೆಂಟರಿಗೆ ಎಷ್ಟು ಹೇಳಬೇಕು ಅಂತ ಮಗನನ್ನೇ ಕೇಳಿ, ಕಾಯಿಲೆ ಅವನದ್ದು. ಯಾರಾದರೂ ಎದುರಿಗೇ ಹೋಲಿಸಿದರೆ "ಇಬ್ಬರೂ ಬೇರೆ ಬೇರೆ, ನಮಗೆ ಹಾಗೇ ಇಷ್ಟ" ಅಂತ ಹೇಳಿ ಮಾತು ಬದಲಿಸಿ.

ಮಗಳನ್ನು ಹೊಗಳುವುದನ್ನು ದಯವಿಟ್ಟು ನಿಲ್ಲಿಸಬೇಡಿ. ಅಣ್ಣನಿಗೆ ನೋವಾಗಬಾರದು ಅಂತ ಅವಳ ಖುಷಿಯನ್ನು ಬಚ್ಚಿಟ್ಟರೆ ಅದೂ ಅನ್ಯಾಯ. ಅವಳು ಚೆನ್ನಾಗಿ ಚಿತ್ರ ಬರೆದರೆ ಆ ಚಿತ್ರದ ಬಗ್ಗೆ ಮಾತಾಡಿ, ಅಲ್ಲಿಗೆ ಮುಗಿಸಿ. ಅವಳಿಗೆ ಅರ್ಥವಾಗುವ ಹಾಗೆ ಹೇಳಿ: "ಅಣ್ಣನ ತಲೆಯಲ್ಲಿ ಅಪಾಯದ ಗಂಟೆ ಸುಮ್ಮಸುಮ್ಮನೆ ಹೊಡ್ಕೊಳ್ಳುತ್ತೆ. ಅವನು ಬೇಕು ಅಂತ ಮಾಡ್ತಿಲ್ಲ. ನಿನ್ನಿಂದ ಬಂದಿದ್ದೂ ಅಲ್ಲ, ನಿನಗೆ ಅಂಟೋದೂ ಇಲ್ಲ." ಮಕ್ಕಳು ಈ ಕೊನೆಯ ಎರಡನ್ನು ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಒಳಗೆ ಇಟ್ಟುಕೊಂಡಿರುತ್ತಾರೆ. ಅವಳನ್ನು ಅಣ್ಣನ ಮೇಲೆ ಕಾವಲಿಗೆ ಹಾಕಬೇಡಿ, ಎಷ್ಟು ಸಲ ತೊಳೆದ ಅಂತ ಅವಳಿಂದ ಕೇಳಬೇಡಿ. "ಅಣ್ಣ ಏನು ಮಾಡಿದ್ರೂ ಯಾರೂ ಏನೂ ಅನ್ನಲ್ಲ" ಅನ್ನುವುದರಲ್ಲಿ ಸ್ವಲ್ಪ ನಿಜ ಇದ್ದರೆ ಒಪ್ಪಿಕೊಳ್ಳಿ. ಗೀಳಿಗೆ ಬೈಯುವಂತಿಲ್ಲ. ಹೊಡೆದರೆ, ಕೆಟ್ಟ ಮಾತಾಡಿದರೆ, ಅವಳ ವಸ್ತು ಮುರಿದರೆ ಮನೆಯ ನಿಯಮ ಇಬ್ಬರಿಗೂ ಒಂದೇ. ಇದು ಮಗನಿಗೂ ಒಳ್ಳೆಯದು. ಯಾವ ನಿಯಮವೂ ಇಲ್ಲದ ಮಗು ತಾನು ಪೂರ್ತಿ ಕೆಟ್ಟುಹೋಗಿದ್ದೇನೆ ಅಂದುಕೊಳ್ಳುತ್ತದೆ.

ಕೆಲವು ಲಕ್ಷಣ ಕಂಡರೆ ಮುಂದಿನ ಭೇಟಿಗೆ ಕಾಯಬೇಡಿ. ಬದುಕುವುದು ಬೇಡ ಅನ್ನುವ ಮಾತು, ಊಟ ನೀರು ಬಿಡುವುದು, ಕೈ ಒಡೆದು ರಕ್ತ ಬರುವುದು, ಶಾಲೆ ಪೂರ್ತಿ ನಿಲ್ಲುವುದು. ಒಂದೆರಡು ದಿನದಲ್ಲಿ ದಿಢೀರಂತ ಗೀಳು ಏರಿ, ಜೊತೆಗೆ ಮೈ ಕೈ ಅದುರುವುದು, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಶುರುವಾದರೆ, ಅದಕ್ಕೆ ಮುಂಚೆ ಗಂಟಲು ನೋವು ಜ್ವರ ಬಂದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅಪರೂಪಕ್ಕೆ ಸೋಂಕಿನ ನಂತರ ಹೀಗಾಗುವುದುಂಟು.

ಇನ್ನು ಅವತ್ತು ನೀವು ಕೂಗಿದ್ದು. ಅದಕ್ಕೆ ಒಂದು ಸಲ ಕ್ಷಮೆ ಕೇಳಿ. ಎದುರುಬದುರು ಕೂತು ಬೇಡ, ಪಕ್ಕದಲ್ಲಿ ಕೂತು ಏನಾದರೂ ಮಾಡುತ್ತಾ ಹೇಳಿ. "ಬಾತ್‌ರೂಮಿನ ಬಾಗಿಲಲ್ಲಿ ನಿಂತು ನಿನ್ನನ್ನ ತಂಗಿಗೆ ಹೋಲಿಸಿದೆ. ಅದು ನನ್ನ ತಪ್ಪು. ನೀನು ರಾತ್ರಿ ತೊಳೀತೀಯ ಅಂತ ನನಗೆ ಗೊತ್ತು, ಬೈಯೋಕೆ ಹೇಳ್ತಿಲ್ಲ. ನನ್ನ ಹತ್ತಿರ ಬಚ್ಚಿಡಬೇಕಾಗಿಲ್ಲ." ಅವನು ಏನೂ ಹೇಳದೆ ಎದ್ದು ಹೋಗಬಹುದು, ಹೋಗಲಿ. ಮತ್ತೆ ಮತ್ತೆ ಕ್ಷಮೆ ಕೇಳಬೇಡಿ, ಆಮೇಲೆ ನಿಮ್ಮನ್ನು ಸಮಾಧಾನ ಮಾಡುವುದು ಅವನ ಕೆಲಸವಾಗುತ್ತದೆ.

ಇವತ್ತು ರಾತ್ರಿ ಮತ್ತೆ ನಲ್ಲಿಯ ಸದ್ದು ಕೇಳಿದರೆ ಬಾಗಿಲು ಬಡಿಯಬೇಡಿ, ಎಷ್ಟು ಹೊತ್ತಾಯಿತು ಅಂತ ಕೇಳಬೇಡಿ. ಹೊರಗಿನ ದೀಪ ಹಾಕಿ. "ನಾನು ಇಲ್ಲೇ ಇದ್ದೀನಿ, ಮುಗಿದ ಮೇಲೆ ಬಾ" ಅಂತ ಒಂದು ಸಲ ಹೇಳಿ ಕಾಯಿರಿ. ಬಂದಾಗ ಒದ್ದೆ ಕೈಗೆ ಟವೆಲ್ ಕೊಟ್ಟು, ಏನೂ ಕೇಳದೆ ಹಾಸಿಗೆಯವರೆಗೂ ಜೊತೆಗೆ ಹೋಗಿ. ಬೆಳಿಗ್ಗೆ ಅವನ ಡಾಕ್ಟರಿಗೆ ಫೋನ್ ಮಾಡಿ, ರಾತ್ರಿಯ ವಿಷಯ ಹೇಳಿ, ಬೇಗ ಒಂದು ಭೇಟಿ ಕೇಳಿ. ಫೋನ್ ಮಾಡುವ ಮೊದಲು ಮಗನಿಗೂ ಅದನ್ನು ತಿಳಿಸಿರಿ.